ತಲೆಯ ಪೆಟ್ಟು ಮತ್ತು ನೆರೆಹೊರೆಯ ಹೊಣೆ

ಕೈ ಮುರಿದವನ ಕೊರಳಲ್ಲಿ ಜೋಲಿಯ ಪಟ್ಟಿಯನ್ನು ಕಂಡರೆ ಜನರು ತಾವಾಗಿ ಬದಿಗೆ ಸರಿದು ದಾರಿ ಬಿಡುತ್ತಾರೆ. ಕಾಲು ಕಳೆದುಕೊಂಡವನಿಗೆ ಅವನ ಊರುಗೋಲೇ ಸಾಕ್ಷಿ ನುಡಿಯುತ್ತದೆ. ಆದರೆ ತಲೆಗೆ ಬಲವಾದ ಪೆಟ್ಟು ಬಿದ್ದು, ಹೊರಗಿನ ಗಾಯ ಮಾಯ್ದು, ಒಳಗಿನ ಮಿದುಳು ಮಾತ್ರ ಮೊದಲಿನಂತಾಗದೆ ಉಳಿದವನಿಗೆ ಯಾರು ಸಾಕ್ಷಿ? ಅವನು ನಡೆದಾಡುತ್ತಾನೆ, ಉಣ್ಣುತ್ತಾನೆ, ಕರೆದರೆ ಓಗೊಡುತ್ತಾನೆ. ನೋಡಬಂದವರು ‘ದೇವರು ದೊಡ್ಡವನು, ಗುಣವಾಯಿತು’ ಎಂದು ಹೇಳಿ ಹೊರಟುಹೋಗುತ್ತಾರೆ. ಆ ಮನೆಯ ನಿಜವಾದ ಕಷ್ಟ ಮೊದಲಾಗುವುದು ಅಲ್ಲಿಂದ ಮುಂದೆ.

ಗದಗ ಜಿಲ್ಲೆಯ ಮುಂಡರಗಿ ತಾಲ್ಲೂಕಿನ ಹಿರೇವಡ್ಡಟ್ಟಿಯಂಥ ಒಂದು ಊರನ್ನು ಕಣ್ಣ ಮುಂದೆ ತಂದುಕೊಳ್ಳೋಣ. ಸಂತೆ ಮುಗಿಸಿ ಮೋಟಾರ್ ಸೈಕಲ್ಲಿನಲ್ಲಿ ಮರಳುತ್ತಿದ್ದ ರೈತನೊಬ್ಬ ಕತ್ತಲಲ್ಲಿ ಬಿದ್ದನೆನ್ನಿ. ಮುಂಡರಗಿ, ಅಲ್ಲಿಂದ ಗದಗ, ಅಲ್ಲಿಂದ ಸುಮಾರು 60 ಕಿಲೋಮೀಟರ್ ದೂರದ ಹುಬ್ಬಳ್ಳಿ, ಹೀಗೆ ಸಾಗಿಸಿ ಜೀವವನ್ನು ಉಳಿಸಿಕೊಂಡದ್ದಾಯಿತು. ತಿಂಗಳ ಮೇಲೆ ಮನೆಗೆ ಬಂದವನು ಬೇರೆಯೇ ಮನುಷ್ಯ. ಬೆಳಗ್ಗೆ ಹೇಳಿದ್ದು ಮಧ್ಯಾಹ್ನಕ್ಕೆ ನೆನಪಿಲ್ಲ. ಹಿಡಿದ ಕೆಲಸ ಅರ್ಧಕ್ಕೇ ನಿಲ್ಲುತ್ತದೆ. ಮಕ್ಕಳ ಗದ್ದಲ ಕೇಳಿದರೆ ಕಿಡಿಕಿಡಿಯಾಗುತ್ತಾನೆ, ಮರುಗಳಿಗೆ ಅಳುತ್ತಾನೆ. ಊರು ಅವನನ್ನು ಸೋಮಾರಿ ಎನ್ನುತ್ತದೆ, ಇಲ್ಲವೆ ಗಾಳಿ ಸೋಕಿತೆನ್ನುತ್ತದೆ. ಹೊಲ, ಸಾಲ, ಔಷಧ, ಮಕ್ಕಳ ಶಾಲೆ ಎಲ್ಲವೂ ಒಬ್ಬ ಹೆಂಗಸಿನ ಹೆಗಲಿಗೆ ಬಂದಿರುತ್ತದೆ. ಗಂಡ ಬದುಕಿ ಬಂದನೆಂಬ ಕಾರಣಕ್ಕೆ ಆಕೆಗೆ ಅಳುವ ಅಧಿಕಾರವೂ ಇಲ್ಲ!

ಪಟ್ಟಣದ ವಾಚಕರು ಇದು ಹಳ್ಳಿಯ ಮಾತೆಂದು ಪುಟ ಮಗುಚಬಾರದು. ತಲೆಪೆಟ್ಟಿನ ಬಗೆಗೆ ಬೆಂಗಳೂರಿನಲ್ಲಿಯೇ ನಡೆದ ಅಧ್ಯಯನಗಳಲ್ಲಿ ಸುಮಾರು ಶೇಕಡಾ 60ರಷ್ಟು ಪ್ರಕರಣಗಳಿಗೆ ರಸ್ತೆಯ ಅಪಘಾತವೇ ಕಾರಣವೆಂದು ಕಂಡಿದೆ. ಅದರ ನಂತರದ ಸ್ಥಾನ ಎತ್ತರದಿಂದ ಬೀಳುವುದಕ್ಕೆ, ಜಾರಿ ಬೀಳುವುದಕ್ಕೆ. ಬಚ್ಚಲಲ್ಲಿ ಜಾರಿದ ಅಜ್ಜನೂ, ಕಾಲೇಜಿಗೆ ಸ್ಕೂಟರಿನಲ್ಲಿ ಹೊರಟ ಮಗನೂ ಈ ಲೆಕ್ಕದ ಒಳಗೇ ಬರುತ್ತಾರೆ.

ಸ್ವಭಾವ ಬದಲಾಗುವುದೇಕೆ? ತಲೆಬುರುಡೆಯ ಒಳನೆಲ ನುಣುಪಾಗಿಲ್ಲ. ಪೆಟ್ಟಿನ ವೇಗಕ್ಕೆ ಮಿದುಳಿನ ಮುಂಭಾಗವೂ ಕಿವಿಯ ಬಳಿಯ ಭಾಗವೂ ಆ ಉಬ್ಬುತಗ್ಗುಗಳಿಗೆ ತಾಕಿ ಜಜ್ಜಿಹೋಗುತ್ತವೆ. ಯೋಚಿಸಿ ಹೆಜ್ಜೆಯಿಡುವುದು, ಕೋಪವನ್ನು ತಡೆಯುವುದು, ಕೆಲಸಕ್ಕೆ ತಾನಾಗಿ ಕೈಹಚ್ಚುವುದು, ಹೊಸದನ್ನು ನೆನಪಿಡುವುದು, ಇವೆಲ್ಲಕ್ಕೂ ಆಧಾರವಾದ ಭಾಗಗಳು ಅವೇ. ಆದುದರಿಂದ ರೋಗಿಯ ಸಿಡುಕು ಅವನ ದುರ್ಗುಣವಲ್ಲ, ಗಾಯದ ಲಕ್ಷಣ.

ವೈದ್ಯಗ್ರಂಥಗಳಲ್ಲಿ ಪ್ರಸಿದ್ಧನಾದ ಅಮೆರಿಕದ ಫಿನಿಯಾಸ್ ಗೇಜ್ ಎಂಬಾತನ ಕಥೆಯನ್ನು ಇಲ್ಲಿ ನೆನೆಯಬಹುದು. 1848ರಲ್ಲಿ ರೈಲುಹಾದಿಯ ಕೆಲಸದಲ್ಲಿದ್ದಾಗ ಕಬ್ಬಿಣದ ಸಲಾಕೆಯೊಂದು ಅವನ ತಲೆಯನ್ನು ತೂರಿಕೊಂಡು ಹೋಯಿತು. ಬದುಕಿದನು, ಆದರೆ ನೆಚ್ಚಿಗೆಯ ಮೇಸ್ತ್ರಿಯಾಗಿದ್ದವನು ಒರಟನೂ ಚಂಚಲನೂ ಆದನೆಂದು ವೈದ್ಯರು ಬರೆದಿಟ್ಟರು. ಸಾಮಾನ್ಯವಾಗಿ ಕಥೆಯನ್ನು ಇಲ್ಲಿಗೇ ಮುಗಿಸುತ್ತಾರೆ. ಮುಂದೆ ಅವನು ಚಿಲಿ ದೇಶಕ್ಕೆ ಹೋಗಿ ಹಲವು ವರ್ಷ ಕುದುರೆ ಸಾರೋಟನ್ನು ಓಡಿಸಿ ಜೀವನ ಮಾಡಿದನೆಂಬುದನ್ನು ಹೇಳುವವರು ವಿರಳ. ದಿನವೂ ಅದೇ ಹೊತ್ತು, ಅದೇ ಹಾದಿ, ಅದೇ ಕೆಲಸ. ಈ ಕ್ರಮಬದ್ಧತೆಯೇ ಅವನನ್ನು ಬಹುಮಟ್ಟಿಗೆ ಸರಿದಾರಿಗೆ ತಂದಿರಬೇಕೆಂದು ಈಚಿನ ಸಂಶೋಧಕರು ಊಹಿಸುತ್ತಾರೆ. ಅಂಥ ಕ್ರಮವನ್ನು ಮಾತ್ರೆಯ ಚೀಟಿಯಲ್ಲಿ ಬರೆದುಕೊಡಲು ಬರುವುದಿಲ್ಲ. ಅದನ್ನು ಕೊಡಬೇಕಾದವರು ಮನೆಯವರು, ನೆರೆಯವರು.

ನಮ್ಮಲ್ಲಿ ಚಿಕಿತ್ಸೆಯ ಸೌಕರ್ಯ ಇಲ್ಲವೆಂದಲ್ಲ. 1974ರಲ್ಲಿ ರೂಪುಗೊಂಡ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿ ಇಂಥವರ ಪುನಶ್ಚೇತನಕ್ಕೆಂದೇ ಒಂದು ವಿಭಾಗವಿದೆ. ಧಾರವಾಡದಲ್ಲಿ ಡಿಮ್ಹಾನ್ಸ್ ಇದೆ. ಆದರೆ ಗದುಗಿನಿಂದ ಬೆಂಗಳೂರು 400 ಕಿಲೋಮೀಟರಿಗೂ ದೂರ. ಚೇತರಿಕೆ ಮೊದಲ ಆರು ತಿಂಗಳು ಬೇಗಬೇಗನೆ, ಆಮೇಲೆ ನಿಧಾನವಾಗಿ ವರ್ಷಗಟ್ಟಲೆ ನಡೆಯುವಂಥದು. ಅಷ್ಟು ಕಾಲ ಆಸ್ಪತ್ರೆಯಲ್ಲಿ ಯಾರು ಇರಬಲ್ಲರು?

ಪರದೇಶಗಳಲ್ಲಿಯೂ ಈ ಕೊರತೆಯನ್ನು ಮೊದಲು ಕಂಡುಕೊಂಡವರು ರೋಗಿಗಳ ಮನೆಯವರೇ. ಇಂಗ್ಲೆಂಡಿನಲ್ಲಿ 1979ರಲ್ಲಿ ‘ಹೆಡ್‌ವೇ’ ಎಂಬ ಸಂಘ ಹುಟ್ಟಿತು. ಅಮೆರಿಕದಲ್ಲಿ 1975ರ ಕಾರು ಅಪಘಾತದಲ್ಲಿ ಮಗಳಿಗೆ ತಲೆಪೆಟ್ಟಾದ ತಾಯಿ ಮೆರಿಲಿನ್ ಸ್ಪೈವಾಕ್, ಪತಿಯೊಡನೆ 1980ರಲ್ಲಿ ರಾಷ್ಟ್ರಮಟ್ಟದ ಸಂಘವನ್ನು ಕಟ್ಟಿದರು. ಒಂದೇ ಬಗೆಯ ನೋವುಂಡವರು ಒಂದೆಡೆ ಕುಳಿತು ಮಾತನಾಡಿಕೊಂಡದ್ದೇ ಇವುಗಳ ಬೀಜ.

ಗದಗ ಸೀಮೆಗೆ ಇಂಥ ಸಹಕಾರ ಹೊಸದೇನೂ ಅಲ್ಲ. ಗದುಗಿನ ಬಳಿಯ ಕಣಗಿನಹಾಳದಲ್ಲಿ 1905ರಲ್ಲಿಯೇ ಸಿದ್ದನಗೌಡ ಪಾಟೀಲರ ಮುಂದಾಳುತನದಲ್ಲಿ ರೈತರು ಸಹಕಾರಿ ಪತ್ತಿನ ಸಂಘವನ್ನು ಸ್ಥಾಪಿಸಿ ನಾಡಿಗೇ ಮಾದರಿಯಾದರು. ಪಂಚಾಕ್ಷರಿ ಗವಾಯಿಗಳೂ ಪುಟ್ಟರಾಜ ಗವಾಯಿಗಳೂ ಬೆಳೆಸಿದ ವೀರೇಶ್ವರ ಪುಣ್ಯಾಶ್ರಮ ಜನರ ಕಾಣಿಕೆಯಿಂದಲೇ ಅಂಧ ಮಕ್ಕಳಿಗೆ ಅನ್ನವನ್ನೂ ಸಂಗೀತವನ್ನೂ ನೀಡಿತು. ಕಣ್ಣಿಲ್ಲದವರ ಕಷ್ಟವನ್ನು ಕಂಡ ಈ ಜನರಿಗೆ, ಕಣ್ಣಿಗೆ ಕಾಣದ ಕಷ್ಟವನ್ನು ಕಾಣಿಸಿಕೊಟ್ಟರೆ ಸಾಕು.

ಮಾಡಬೇಕಾದುದು ದೊಡ್ಡ ಕೆಲಸವೂ ಅಲ್ಲ. ರೋಗಿಯ ಮುಂದೆ ನಿಂತು ‘ನಾ ಯಾರು, ಗುರುತು ಹತ್ತಿತೇನು?’ ಎಂದು ಪರೀಕ್ಷೆ ಮಾಡದೆ, ನಮ್ಮ ಹೆಸರನ್ನು ನಾವೇ ಹೇಳಬೇಕು. ಗುಂಪಾಗಿ ನುಗ್ಗದೆ ಒಬ್ಬೊಬ್ಬರಾಗಿ ಹೋಗಬೇಕು. ಒಂದು ಸಲಕ್ಕೆ ಒಂದೇ ಕೆಲಸವನ್ನು, ಒಂದೇ ಮಾತಿನಲ್ಲಿ ಹೇಳಬೇಕು. ದಿನಚರಿಯನ್ನು ಗೋಡೆಯ ಮೇಲೆ ಬರೆದಿಟ್ಟರೆ ಮರೆವಿಗೆ ಆಸರೆಯಾಗುತ್ತದೆ. ಮದ್ಯ ಸರ್ವಥಾ ಕೂಡದು. ಮೂರ್ಛೆಯ ಮಾತ್ರೆಗಳನ್ನು ವೈದ್ಯರು ಹೇಳದೆ ನಿಲ್ಲಿಸಬಾರದು. ಅವರ ಒಪ್ಪಿಗೆಯಿಲ್ಲದೆ ವಾಹನವನ್ನು ಕೈಗೆ ಕೊಡಬಾರದು. ಎಲ್ಲಕ್ಕಿಂತ ಮಿಗಿಲಾಗಿ, ವಾರಕ್ಕೊಮ್ಮೆ ಎರಡು ತಾಸು ‘ಅಕ್ಕಾ, ನಾನಿಲ್ಲಿ ಕುಳಿತಿರುತ್ತೇನೆ, ನೀವು ಹೋಗಿ ಒಂದಿಷ್ಟು ಮಲಗಿರಿ’ ಎಂದು ಆ ಮನೆಯ ಹೆಣ್ಣುಮಗಳಿಗೆ ಹೇಳುವವರು ಬೇಕು.

2016ರ ವಿಕಲಚೇತನರ ಹಕ್ಕುಗಳ ಕಾಯಿದೆ 21 ಬಗೆಯ ವೈಕಲ್ಯಗಳನ್ನು ಹೆಸರಿಸಿದೆ. ಅದರಲ್ಲಿ ತಲೆಪೆಟ್ಟೆಂಬ ಪ್ರತ್ಯೇಕ ಹೆಸರಿಲ್ಲ. ಅದರಿಂದ ಉಂಟಾದ ಅಂಗದ, ಮಾತಿನ, ಮನಸ್ಸಿನ ಊನವನ್ನು ನೋಡಿ ಪ್ರಮಾಣಪತ್ರ ಪಡೆಯಬೇಕು. ಇದನ್ನು ತಿಳಿಸಿ ಅರ್ಜಿ ತುಂಬಿಸಿಕೊಡುವ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು ಪಂಚಾಯಿತಿಗಳಲ್ಲಿದ್ದಾರೆ. ಓದುಬರಹ ಬಲ್ಲ ನೆರೆಯವನೊಬ್ಬ ಜೊತೆಗೆ ನಡೆದರೆ ಅರ್ಧ ದಾರಿ ಸವೆದಂತೆ.

ಹತ್ತು ಜನರ ಹುಲ್ಲುಕಡ್ಡಿ ಒಬ್ಬನ ತಲೆಹೊರೆ ಎಂಬ ಗಾದೆ ನಮ್ಮಲ್ಲಿದೆ. ನಿಮ್ಮ ಬೀದಿಯಲ್ಲಿಯೂ ‘ಈಚೆಗೆ ಅವನ ಸ್ವಭಾವವೇ ಕೆಟ್ಟುಹೋಗಿದೆ’ ಎಂಬ ಮಾತಿಗೆ ಗುರಿಯಾದ ಮನೆಯೊಂದು ಇದ್ದೀತು. ಆ ಮನೆಯ ಹೊರೆಯಿಂದ ಒಂದು ಕಡ್ಡಿಯನ್ನು ಈ ವಾರ ನೀವು ಎತ್ತಿಕೊಳ್ಳಿರಿ.