ಬಳುಕುವ ಯಂತ್ರ, ಮಳೆಗಾಲದ ಅಲೆ

ಹುಣಸಗಿಯ ಎರೆಭೂಮಿಗೂ ಹೊನ್ನಾವರದ ಕಡಲಿಗೂ ಏನು ಸಂಬಂಧವೆಂದು ಯಾರಾದರೂ ಕೇಳಬಹುದು. ನಾರಾಯಣಪುರದ ಬಸವಸಾಗರದಿಂದ ಹೊರಡುವ ಎಡದಂಡೆ ಕಾಲುವೆ ಆ ಸೀಮೆಗೆ ನೀರುಣಿಸುತ್ತದೆ, ನಿಜ. ಆದರೆ ಕಾಲುವೆಯ ನೀರು ಏರಲಾರದ ಹೊಲಗಳಲ್ಲಿ ಪಂಪ್‌ಸೆಟ್ಟು ತಿರುಗಬೇಕು. ಅದಕ್ಕೆ ವಿದ್ಯುತ್ ಒದಗಿಸುವ ರಾಜ್ಯದ ಜಾಲಕ್ಕೆ ಶರಾವತಿ ಕಣಿವೆ 1960ರ ದಶಕದಿಂದ ತನ್ನ ಪಾಲನ್ನು ಸಲ್ಲಿಸುತ್ತಲೇ ಬಂದಿದೆ. ಲಿಂಗನಮಕ್ಕಿಯ ನೀರಿನಲ್ಲಿ ಊರು ಕಳೆದುಕೊಂಡವರ ಮಕ್ಕಳು ಮೊಮ್ಮಕ್ಕಳು ಭೂಮಿಯ ಹಕ್ಕಿಗಾಗಿ ಇಂದಿಗೂ ಅಲೆಯುತ್ತಿದ್ದಾರೆ. ಬಯಲಿನ ರೈತನ ಬೇಡಿಕೆ ನ್ಯಾಯವಾದದ್ದೇ. ಅದರ ಬೆಲೆಯನ್ನು ಪ್ರತಿಸಲವೂ ಬೆಟ್ಟವೇ ತೆರಬೇಕೆ?

ಈ ಪ್ರಶ್ನೆಗೆ ಶರಾವತಿ ಸೇರುವ ಕಡಲಿನತ್ತಲೇ ಬೆರಳು ತೋರಿಸುವವರಿದ್ದಾರೆ. ಅಲೆಯಿಂದ ವಿದ್ಯುತ್ ತೆಗೆಯುವುದು ಹೊಸ ಕನಸೇನಲ್ಲ. ಕೇರಳದ ವಿಳಿಂಜಂನಲ್ಲಿ 1991ರಲ್ಲೇ 150 ಕಿಲೋವಾಟಿನ ಕಾಂಕ್ರೀಟ್ ಸ್ಥಾವರ ಆರಂಭವಾಗಿತ್ತು. ಇಂದು ಅದು ನಡೆಯುತ್ತಿಲ್ಲ. ಸ್ಕಾಟ್ಲೆಂಡಿನ ಆಸ್ಪ್ರೇ ಎಂಬ ಉಕ್ಕಿನ ಯಂತ್ರವನ್ನು 1995ರಲ್ಲಿ ಕಡಲೇ ಮುರಿದು ಮುಳುಗಿಸಿತು. ಸೆಟೆದು ನಿಂತದ್ದನ್ನು ಅಲೆ ಬಿಡುವುದಿಲ್ಲ. ಆದ್ದರಿಂದ ವಿಜ್ಞಾನಿಗಳು ಬಳುಕುವ ರಚನೆಗಳತ್ತ ತಿರುಗಿದರು. ಮುಂಗಾರಿನ ಗಾಳಿಗೆ ತಲೆದೂಗುವ ಅಡಿಕೆಮರವನ್ನು ಕಂಡವರಿಗೆ ಇದರ ಮರ್ಮವನ್ನು ವಿವರಿಸಬೇಕಾಗಿಲ್ಲ. ಬ್ರಿಟನ್ನಿನಲ್ಲಿ ರೂಪುಗೊಂಡ ಅನಕೊಂಡ ಎಂಬುದು ನೀರು ತುಂಬಿ ಎರಡೂ ತುದಿ ಮುಚ್ಚಿದ ರಬ್ಬರಿನ ಉದ್ದನೆಯ ಕೊಳವೆ. ಅಲೆಯ ಒತ್ತಡಕ್ಕೆ ಅದರಲ್ಲಿ ಉಬ್ಬೊಂದು ಹುಟ್ಟಿ, ಅಲೆಯೊಡನೆ ಓಡುತ್ತ ದೊಡ್ಡದಾಗಿ, ಬಾಲದಲ್ಲಿರುವ ಟರ್ಬೈನನ್ನು ತಿರುಗಿಸಬೇಕು. ಇದರ ಕಿರುಮಾದರಿಗಳು ತೊಟ್ಟಿಗಳಲ್ಲಿ ಪರೀಕ್ಷೆಗೊಳಗಾಗಿವೆ. ಹಿಗ್ಗಿ ಕುಗ್ಗುವಾಗ ತಾನೇ ವಿದ್ಯುತ್ ನೀಡುವ ಚರ್ಮದಂಥ ಹೊದಿಕೆಯನ್ನು ಅಮೆರಿಕದ ಸಂಶೋಧಕರು ಅರಸುತ್ತಿದ್ದಾರೆ. ಒಂದೆಡೆ ಹರಿದರೂ ಉಳಿದ ಭಾಗ ದುಡಿಯಬೇಕೆಂಬುದು ಅವರ ಆಶಯ. ಆದರೆ ಎಂಟು ಸೆಕೆಂಡಿಗೊಂದು ಅಲೆಯೆಂದರೂ ದಿನಕ್ಕೆ 10,800 ಸಲ, ವರ್ಷಕ್ಕೆ ಸುಮಾರು 40 ಲಕ್ಷ ಸಲ ಉಪ್ಪುನೀರಿನಲ್ಲಿ ಬಳುಕಬೇಕು. ಯಾವ ರಬ್ಬರು ಎಷ್ಟು ವರ್ಷ ತಾಳೀತು?

ಇದಕ್ಕಿಂತ ದೊಡ್ಡ ತೊಡಕು ಋತುಮಾನದ್ದು. ಒಂದು ಮೀಟರ್ ಅಗಲದ ಅಲೆಯಲ್ಲಿರುವ ಶಕ್ತಿಯನ್ನು ಸ್ಥೂಲವಾಗಿ ಹೀಗೆ ಎಣಿಸಬಹುದು: ಎತ್ತರದ ವರ್ಗವನ್ನು ಅಲೆಯ ಅವಧಿಯಿಂದ ಗುಣಿಸಿ ಅರ್ಧ ಮಾಡುವುದು. ಎಂಟು ಸೆಕೆಂಡಿನ, ಮೀಟರ್ ಎತ್ತರದ ಅಲೆಗೆ 4 ಕಿಲೋವಾಟ್. ಮೂರು ಮೀಟರಿನದಕ್ಕೆ 36. ನಮ್ಮ ಕರಾವಳಿಯಲ್ಲಿ ಅಲೆ ಮೂರು ಮೀಟರ್ ಮುಟ್ಟುವುದು ಮಳೆಗಾಲದಲ್ಲಿ. ಆಗ ಜಲಾಶಯಗಳೂ ತುಂಬುತ್ತಿರುತ್ತವೆ, ಗಾಳಿಯಂತ್ರಗಳೂ ತಿರುಗುತ್ತಿರುತ್ತವೆ. ಹುಣಸಗಿಯ ಬಾವಿಗಳು ಬತ್ತಿ ಪಂಪ್‌ಸೆಟ್ಟು ಬಿಡುವಿಲ್ಲದೆ ದುಡಿಯುವ ಬೇಸಿಗೆಯಲ್ಲಿ ಕಡಲು ಮಲಗಿರುತ್ತದೆ. ಗಾಳಿ ಬಂದಾಗ ತೂರಿಕೊಂಡ ಕಾಳು ಹಗೇವಿನಲ್ಲಿ ಕಾಯುತ್ತದೆ, ವಿದ್ಯುತ್ತು ಕಾಯುವುದಿಲ್ಲ. ಶರಾವತಿ ಕಣಿವೆಯಲ್ಲಿ ಪ್ರಸ್ತಾಪವಾಗಿರುವ 2000 ಮೆಗಾವಾಟಿನ ಪಂಪ್ಡ್ ಸ್ಟೋರೇಜ್ ಕೂಡಿಡುವುದೂ ಕೆಲವು ಗಂಟೆಗಳ ವಿದ್ಯುತ್ತನ್ನೇ ಹೊರತು ಒಂದು ಋತುವಿನದನ್ನಲ್ಲ. ಬೇಸಿಗೆಯ ಹೊಲಕ್ಕೆ ಹೊಲದ ಮೇಲೆಯೇ ಸುರಿಯುವ ಬಿಸಿಲು ಹತ್ತಿರದ ಉತ್ತರ.

ಹಾಗೆಂದು ಸಂಶೋಧನೆ ನಿಲ್ಲಬೇಕಿಲ್ಲ. ಮದರಾಸು ಐಐಟಿಯ ಸಿಂಧುಜಾ–1 ಯಂತ್ರವು 2022ರ ನವೆಂಬರಿನಲ್ಲಿ ತೂತ್ತುಕುಡಿಯ ಕಡಲಿನಲ್ಲಿ ಪರೀಕ್ಷೆಗೊಂಡಿತು. ದ್ವೀಪಗಳಿಗೆ, ಕಡಲ ತೇಲುದೀಪಗಳಿಗೆ, ಉಪ್ಪುನೀರನ್ನು ಸಿಹಿಯಾಗಿಸಲು ಇಂಥವು ಒದಗಿಯಾವು. ಆದರೆ ಯಂತ್ರಕ್ಕೆ ಅಲೆ ಹೇರಳವಾಗಿರುವ ತಿಂಗಳುಗಳೇ ದೊಡ್ಡ ಬೋಟುಗಳು ದಡ ಸೇರಿ ನಾಡದೋಣಿಯ ಮೀನುಗಾರ ಕಡಲಿಗಿಳಿಯುವ ತಿಂಗಳುಗಳು. ಯಂತ್ರದ ಲಂಗರಿನ ಹಗ್ಗ ಅವನ ಬಲೆ ಬೀಳುವಲ್ಲಿಯೇ ಇಳಿಯುತ್ತದೆ. ಲಿಂಗನಮಕ್ಕಿ ಕಟ್ಟುವಾಗ ಕಣಿವೆಯವರನ್ನು ಯಾರೂ ಕೇಳಲಿಲ್ಲ. ಹೊನ್ನಾವರದ ಕಡಲಿಗೆ ಮೊದಲ ಲಂಗರು ಇಳಿಯುವ ಮುನ್ನ ನಾಡದೋಣಿಯವರ ಒಪ್ಪಿಗೆ ಬರಹದಲ್ಲಿರಲಿ.