ಗೆಲ್ಲದೆಯೂ ಉಳಿದ ಹಂದಿ

1921ರಲ್ಲಿ ಕೆನ್ಯಾದ ಪಶುವೈದ್ಯ ಮಾಂಟ್ಗೊಮರಿ ಒಂದು ಹೊಸ ರೋಗದ ವಿವರ ಪ್ರಕಟಿಸಿದರು. ಯುರೋಪಿನಿಂದ ಬಂದು ನೆಲೆಸಿದ ರೈತರು ಸಾಕಿದ್ದ ಹಂದಿಗಳು ಜ್ವರ ಬಂದು ಕೆಲವೇ ದಿನಗಳಲ್ಲಿ ಸಾಯುತ್ತಿದ್ದವು. ಸೋಂಕು ತಗುಲಿದವುಗಳಲ್ಲಿ ಉಳಿಯುತ್ತಿದ್ದುದು ಬೆರಳೆಣಿಕೆಯಷ್ಟು. ಅದೇ ಬಯಲಿನಲ್ಲಿ ಓಡಾಡಿಕೊಂಡಿದ್ದ ವಾರ್ಟ್‌ಹಾಗ್ ಎಂಬ ಕಾಡುಪ್ರಾಣಿ, ಹಂದಿಯ ದೂರದ ನೆಂಟ, ಮಾತ್ರ ಆರಾಮವಾಗಿತ್ತು. ಅದೂ ಆ ವೈರಸ್ಸನ್ನು ಹೊತ್ತೇ ತಿರುಗುತ್ತದೆ ಎಂಬುದು ಮುಂದೆ ಖಚಿತವಾಯಿತು.

ಆಫ್ರಿಕನ್ ಹಂದಿ ಜ್ವರ ಎಂಬ ಈ ರೋಗ 2007ರಲ್ಲಿ ಜಾರ್ಜಿಯಾಕ್ಕೆ, 2018ರಲ್ಲಿ ಚೀನಾಕ್ಕೆ ಕಾಲಿಟ್ಟಿತು. 2020ರಲ್ಲಿ ಅಸ್ಸಾಂ ಮತ್ತು ಅರುಣಾಚಲ ಪ್ರದೇಶದಲ್ಲಿ ಪತ್ತೆಯಾಯಿತು. ಮನುಷ್ಯರಿಗೆ ಇದು ಅಂಟುವುದಿಲ್ಲ. ಆದರೆ ಈಶಾನ್ಯದ ಹಳ್ಳಿಗಳಲ್ಲಿ ಹಿತ್ತಲಿನ ಎರಡು ಹಂದಿಗಳೆಂದರೆ ಮಕ್ಕಳ ಫೀಸು, ಆಸ್ಪತ್ರೆಯ ಖರ್ಚು, ಮದುವೆಯ ಊಟ. ಅವು ಹೋದರೆ ಕಷ್ಟಕ್ಕೆಂದು ಕೂಡಿಟ್ಟ ಗಂಟೇ ಹೋದಂತೆ.

ಹಾಗಾದರೆ ವಾರ್ಟ್‌ಹಾಗ್ ಬದುಕುವುದು ಹೇಗೆ? ‘ರೋಗನಿರೋಧಕ ಶಕ್ತಿ’ ಎಂಬ ನಮ್ಮ ಪದವೇ ಇಲ್ಲಿ ದಾರಿ ತಪ್ಪಿಸುತ್ತದೆ. ನಿರೋಧ ಎಂದೊಡನೆ ಕೋಟೆ, ಕಾವಲು, ಶತ್ರುವನ್ನು ಹೊರಗಟ್ಟುವ ಸೈನ್ಯ ಕಣ್ಣಮುಂದೆ ಬರುತ್ತವೆ. ವಾರ್ಟ್‌ಹಾಗ್ ವೈರಸ್ಸನ್ನು ಹೊರಗಟ್ಟುವುದಿಲ್ಲ. ಮರಿಯಾಗಿದ್ದಾಗ ಬಿಲದಲ್ಲಿ ಉಣುಗು ಕಚ್ಚಿ ಸೋಂಕು ತಗಲುತ್ತದೆ, ರೋಗಲಕ್ಷಣ ಕಾಣಿಸುವುದಿಲ್ಲ, ವೈರಸ್ ದೇಹದಲ್ಲೇ ಉಳಿದುಬಿಡುತ್ತದೆ. ಇದಕ್ಕೆ ಒಪ್ಪುವ ಪದ ನಿರೋಧವಲ್ಲ, ತಾಳಿಕೆ.

ಸಾಕು ಹಂದಿಯ ದೇಹದಲ್ಲಿ ಇದೇ ವೈರಸ್ ರೋಗಾಣುಗಳನ್ನು ನುಂಗಬೇಕಾದ ಮ್ಯಾಕ್ರೊಫೇಜ್ ಕಣಗಳನ್ನೇ ಹೊಕ್ಕು ಬೆಳೆಯುತ್ತದೆ. ಹಂದಿ ಸಾಯುವುದು ವೈರಸ್ಸಿನ ಹಾವಳಿಯಿಂದ ಮಾತ್ರವಲ್ಲ, ಅದರ ವಿರುದ್ಧ ತನ್ನ ದೇಹವೇ ಎಬ್ಬಿಸುವ ಉರಿಯೂತದ ಬಿರುಗಾಳಿಯಿಂದ ಕೂಡ. ಆ ಉರಿಯೂತವನ್ನು ನಿಯಂತ್ರಿಸುವ ಜೀನ್‌ಗಳಲ್ಲಿ ರೆಲ್‌ಎ ಒಂದು. ವಾರ್ಟ್‌ಹಾಗ್‌ ಮತ್ತು ಸಾಕು ಹಂದಿಯ ರೆಲ್‌ಎ ಪ್ರೊಟೀನುಗಳ ನಡುವೆ ಇರುವ ವ್ಯತ್ಯಾಸ ಮೂರೇ ಅಮೈನೊ ಆಮ್ಲಗಳದ್ದು.

ಸ್ಕಾಟ್ಲೆಂಡಿನ ರಾಸ್ಲಿನ್ ಸಂಸ್ಥೆಯ ವಿಜ್ಞಾನಿಗಳು ಸಾಕು ಹಂದಿಯ ಆ ಜೀನನ್ನು ವಾರ್ಟ್‌ಹಾಗ್‌ನದರಂತೆ ತಿದ್ದಿದರು. ಫಲಿತಾಂಶ 2020ರಲ್ಲಿ ಪ್ರಕಟವಾಯಿತು. ರೋಗಲಕ್ಷಣ ತುಸು ತಡವಾಗಿ ಕಾಣಿಸಿತು, ಅಷ್ಟೆ. ಹಂದಿಗಳಿಗೆ ರಕ್ಷಣೆ ಸಿಗಲಿಲ್ಲ.

ಜೀನ್ ತಿದ್ದುವುದೇ ದಂಡ ಎನ್ನಲಾಗದು. ಪಿ.ಆರ್.ಆರ್.ಎಸ್. ಎಂಬ ಇನ್ನೊಂದು ಹಂದಿ ರೋಗದ ವೈರಸ್ ಕಣದೊಳಗೆ ನುಗ್ಗಲು ಸಿಡಿ163 ಎಂಬ ಬಾಗಿಲನ್ನು ಬಳಸುತ್ತದೆ. ಆ ಬಾಗಿಲನ್ನೇ ತೆಗೆದ ಹಂದಿಗಳಿಗೆ ಆ ರೋಗ ಬರುವುದಿಲ್ಲ. ಅಮೆರಿಕದ ಎಫ್‌ಡಿಎ 2025ರಲ್ಲಿ ಅಂಥ ಹಂದಿಗಳಿಗೆ ಒಪ್ಪಿಗೆಯನ್ನೂ ಕೊಟ್ಟಿತು. ಆದರೆ ಸಿಡಿ163 ಇಲ್ಲದ ಹಂದಿಗೂ ಆಫ್ರಿಕನ್ ಹಂದಿ ಜ್ವರ ಬರುತ್ತದೆ. ಬಾಗಿಲು ಮುಚ್ಚುವುದು ಒಂದು ಕೆಲಸ. ಒಳಬಂದವನ ಜೊತೆ ಬಾಳುವುದು ಬೇರೆಯೇ ವಿದ್ಯೆ, ಅದು ಒಂದು ಜೀನಿನಲ್ಲಿ ಬರೆದಿಟ್ಟಿಲ್ಲ.

ಕಾಡಿನಲ್ಲಿ ಬೆಳೆದದ್ದಕ್ಕೇ ಅದು ಗಟ್ಟಿ ಎನ್ನುವವರೂ ಇದ್ದಾರೆ. ಯುರೋಪಿನ ಕಾಡುಹಂದಿ ಕಾಡಿನದೇ ಅಲ್ಲವೇ? ಅದು ಸಾಕು ಹಂದಿಯ ಹಾಗೆಯೇ ಸಾಯುತ್ತದೆ, ಏಕೆಂದರೆ ಎರಡೂ ಒಂದೇ ಪ್ರಭೇದ, ಎರಡಕ್ಕೂ ಈ ವೈರಸ್ ಹೊಸದು. ವಾರ್ಟ್‌ಹಾಗ್‌ ಬಳಿ ಇರುವುದು ವೈರಸ್ ಮತ್ತು ಉಣುಗಿನ ಜೊತೆ ಎಣಿಸಲಾಗದಷ್ಟು ತಲೆಮಾರುಗಳ ಒಡನಾಟ. ತಾಳಲಾರದವು ಸತ್ತವು, ತಾಳಿಕೊಂಡವು ಮರಿ ಹಾಕಿದವು. ವಿಕಾಸ ಕಲಿಸುವ ರೀತಿ ಇದು, ಇದಕ್ಕೆ ಸಾವೇ ಶುಲ್ಕ.

ಆ ಶುಲ್ಕವನ್ನು ಮಿಜೋರಾಂನ ಅಥವಾ ಅಸ್ಸಾಮಿನ ಬಡ ಸಾಕಣೆದಾರರಿಂದ ವಸೂಲು ಮಾಡಿ ಎಂದು ಯಾರೂ ಹೇಳಲಾರರು. ಲಸಿಕೆಯಿಲ್ಲದ ಕಡೆ ರೋಗ ಹರಡದಂತೆ ಸುತ್ತಲಿನ ಹಂದಿಗಳನ್ನು ಕೊಲ್ಲುವುದು ಕ್ರೂರವಾದರೂ ಅನಿವಾರ್ಯ. ಬದುಕುಳಿದ ಹಂದಿ ವೈರಸ್ ಹೊತ್ತಿರಬಹುದು, ಅದನ್ನು ಬಿಟ್ಟರೆ ಪಕ್ಕದ ಊರಿಗೂ ಅಪಾಯ.

ಪ್ರಶ್ನೆ ಇರುವುದು ಕೊಂದ ಮೇಲೆ ಏನು ಎಂಬಲ್ಲಿ. ಖಾಲಿಯಾದ ಹಟ್ಟಿಗಳಿಗೆ ಬೇಗ ತೂಕ ಬರುವ ಲಾರ್ಜ್ ವೈಟ್ ಯಾರ್ಕ್‌ಶೈರ್‌ನಂಥ ವಿದೇಶಿ ತಳಿಯ ಮರಿಗಳನ್ನು ತುಂಬುವುದು ಎಲ್ಲಕ್ಕಿಂತ ಸುಲಭ. ಕರ್ನಾಲಿನ ರಾಷ್ಟ್ರೀಯ ಪಶು ಆನುವಂಶಿಕ ಸಂಪನ್ಮೂಲ ಬ್ಯೂರೊ ನೋಂದಾಯಿಸಿರುವ ಅಸ್ಸಾಮಿನ ಡೂಮ್, ಮೇಘಾಲಯದ ನಿಯಾಂಗ್ ಮೇಘ, ನಾಗಾಲ್ಯಾಂಡಿನ ತೆನ್ಯಿ ವೋ, ಮಿಜೋರಾಂನ ಜೋವಾಕ್ ತಳಿಗಳು ಹೀಗೆ ಸದ್ದಿಲ್ಲದೆ ಕರಗಿಹೋಗಬಹುದು. ಈ ತಳಿಗಳು ಹಂದಿ ಜ್ವರವನ್ನು ಗೆಲ್ಲುತ್ತವೆಂದಲ್ಲ, ಅವೂ ಸಾಯುತ್ತವೆ. ಆದರೆ ನೈಸರ್ಗಿಕ ಆಯ್ಕೆಗಾಗಲಿ ವಿಜ್ಞಾನಿಗಾಗಲಿ ಆರಿಸಿಕೊಳ್ಳಲು ಮೊದಲು ವೈವಿಧ್ಯ ಬೇಕು. ಮುಂದೆ ಯಾವ ವೈರಸ್ಸಿಗೆ ಯಾವ ತಳಿಯ ಯಾವ ಜೀನ್ ನೆರವಾಗುತ್ತದೋ ಇಂದೇ ಹೇಳಲಾಗದು. ಅಳಿದ ತಳಿಯಲ್ಲಿ ಹುಡುಕಲು ಏನೂ ಇರುವುದಿಲ್ಲ.

ಆದ್ದರಿಂದ ಪರಿಹಾರದ ಹಣ ತಡವಾಗದೆ ಸಿಗಬೇಕು, ಇಲ್ಲವಾದರೆ ಜನ ರೋಗವನ್ನು ಮುಚ್ಚಿಟ್ಟು ಹಂದಿಯನ್ನು ಮಾರಿಬಿಡುತ್ತಾರೆ. ಅದರ ಜೊತೆಗೇ ರೋಗದ ವಲಯದಿಂದ ದೂರದಲ್ಲಿ ದೇಸಿ ತಳಿಗಳ ಹಿಂಡುಗಳನ್ನು ಕಾಪಾಡಬೇಕು, ಅವುಗಳ ವೀರ್ಯ ಮತ್ತು ಅಂಗಾಂಶಗಳನ್ನು ಶೈತ್ಯದಲ್ಲಿ ಕಾದಿಡಬೇಕು, ಹಟ್ಟಿ ತುಂಬುವಾಗ ಸಾಕುವವರಿಗೆ ತಮ್ಮ ತಳಿಯನ್ನೇ ಕೇಳಿ ಪಡೆಯುವ ಅವಕಾಶ ಇರಬೇಕು. ವಾರ್ಟ್‌ಹಾಗ್ ಪಡೆದುಕೊಂಡದ್ದನ್ನು ನಾವು ಪ್ರಯೋಗಾಲಯದಲ್ಲಿ ಇನ್ನೂ ಮಾಡಲಾಗಿಲ್ಲ. ಕೈಯಲ್ಲಿರುವ ತಳಿಗಳನ್ನು ಉಳಿಸಿಕೊಳ್ಳುವುದಂತೂ ನಮ್ಮಿಂದ ಆಗುವ ಕೆಲಸ.