ಕುದುರೆಗೆ ಸೊನ್ನೆ, ಮಂತ್ರಿಗೆ ಅರ್ಧ

2023ರ ಡಿಸೆಂಬರ್‌ನಲ್ಲಿ ಉಜ್ಬೇಕಿಸ್ತಾನದ ಸಮರ್‌ಕಂಡ್‌ನಲ್ಲಿ ವಿಶ್ವ ಬ್ಲಿಟ್ಜ್ ಚಾಂಪಿಯನ್‌ಶಿಪ್ ನಡೆಯಿತು. ಅಲ್ಲಿ ಡುಬೊವ್ ಮತ್ತು ನೆಪೊಮ್ನಿಶಿ ಹದಿಮೂರು ನಡೆಗಳಲ್ಲಿ ಕುದುರೆಗಳನ್ನಷ್ಟೇ ಸುತ್ತಾಡಿಸಿ, ಲಾಯಕ್ಕೆ ಮರಳಿಸಿ, ಡ್ರಾ ಅಂತ ಕೈಕುಲುಕಿದರು. ತೀರ್ಪುಗಾರರು ಇಬ್ಬರಿಗೂ ಸೊನ್ನೆ ಕೊಟ್ಟರು. ಕೊನೆಗೆ ಕಾರ್ಲ್‌ಸನ್‌ಗೆ 16 ಅಂಕ, ಡುಬೊವ್‌ಗೆ 15.5. ಅಂತರ ಆ ಅರ್ಧವೇ!

ಸೊನ್ನೆ ಸರಿಯೇ. ನನ್ನ ತಕರಾರು ಬೇರೆ. ಬರ್ಲಿನ್ ರಕ್ಷಣೆಯಲ್ಲಿ ಹದಿನಾಲ್ಕು ನಡೆಗಳ ಒಂದು ಸಿದ್ಧ ಪಾಠವಿದೆ. ಕೊನೆಗೆ ಎರಡೂ ಕಡೆಯ ಮಂತ್ರಿಗಳು ಅದೇ ಎರಡೆರಡು ಮನೆಗಳ ನಡುವೆ ಓಡಾಡುತ್ತವೆ, ಸ್ಥಿತಿ ಮೂರು ಸಲ ಮರುಕಳಿಸುತ್ತದೆ, ಡ್ರಾ. ಅದನ್ನು ಬಾಯಿಪಾಠ ಒಪ್ಪಿಸಿದವರಿಗೆ ಮಾತ್ರ ತಲಾ ಅರ್ಧ ಅಂಕ ಸಲೀಸಾಗಿ ಸಿಗುತ್ತದೆ. ಹಾಗಾದರೆ ಸಮರ್‌ಕಂಡ್‌ನಲ್ಲಿ ಶಿಕ್ಷೆಯಾದದ್ದು ಒಪ್ಪಂದಕ್ಕೋ, ಅದನ್ನು ಮುಚ್ಚಿಡದೆ ಆಡಿದ್ದಕ್ಕೋ? ವಿಶ್ವವಿದ್ಯಾಲಯದ ಟೂರ್ನಿಗಳಲ್ಲಿ ಆಡುವ ಹುಡುಗ ಹುಡುಗಿಯರು ಇದರಿಂದ ಕಲಿಯುವುದು ಇಷ್ಟೇ: ಕುದುರೆ ಕುಣಿಸಬೇಡ, ಬರ್ಲಿನ್ ಆಡು.

ಇದರಿಂದ ಕೆಟ್ಟ ಹೆಸರು ಬರುವುದು ನಿಜವಾದ ಡ್ರಾಗೆ. ಗಡಿಯಾರದಲ್ಲಿ ನಾಲ್ಕು ಸೆಕೆಂಡ್ ಉಳಿದಿದೆ, ಎದುರಾಳಿಯ ಬಳಿ ಆನೆ ಮತ್ತು ಕಾಲಾಳು, ನಿಮ್ಮ ಬಳಿ ಬರೀ ಆನೆ. ಅದನ್ನು ನಿಮ್ಮ ಕಡೆಯಿಂದ ಮೂರನೆಯ ಸಾಲಿನಲ್ಲಿ ಕಾವಲಿಗಿಡಬೇಕು. ಕಾಲಾಳು ಆ ಸಾಲಿಗೆ ಕಾಲಿಟ್ಟ ಕೂಡಲೇ ಆನೆಯನ್ನು ಹಲಗೆಯ ಆ ತುದಿಗೆ ಓಡಿಸಿ ಹಿಂದಿನಿಂದ ಚೆಕ್ ಕೊಡುತ್ತಲೇ ಇರಬೇಕು. ಒಂದು ನಡೆ ತಡವಾದರೂ ಮುಗಿಯಿತು. ಪುಸ್ತಕದಲ್ಲಿ ಓದಿದ್ದನ್ನು ನಡುಗುವ ಬೆರಳಿನಿಂದ ಆಡಿ ಎದ್ದವಳನ್ನು 'ಡ್ರಾನಾ? ಅಷ್ಟೇನಾ?' ಎಂದು ಕೇಳುವವರ ಮೇಲೆ ನನಗೆ ಸಿಟ್ಟಿದೆ.

ಮಾತುಕತೆಯ ಡ್ರಾ ತಡೆಯಲು 2005ರಲ್ಲಿ ಬಲ್ಗೇರಿಯಾದ ಸೋಫಿಯಾದಲ್ಲಿ ನಿಯಮ ತಂದರು. ಆದರೆ ಮರುಕಳಿಕೆಯ ಬಾಗಿಲು ತೆರೆದೇ ಉಳಿಯಿತು. 2008ರಲ್ಲಿ ಸ್ಪೇನಿನ ಬಿಲ್ಬಾವೊದಲ್ಲಿ ಗೆಲುವಿಗೆ ಮೂರು, ಡ್ರಾಗೆ ಒಂದು ಅಂಕ ಮಾಡಿದರು. ಅದು ಹೋರಾಡಿ ಉಳಿಸಿಕೊಂಡವರನ್ನೂ ಕಳ್ಳರ ಸಾಲಿನಲ್ಲೇ ನಿಲ್ಲಿಸುತ್ತದೆ.

ಬ್ಲಿಟ್ಜ್‌ಗೆ ಇದಕ್ಕಿಂತ ಸುಲಭದ ದಾರಿಯಿದೆ, ಯಾಕೆಂದರೆ ಇಲ್ಲಿ ಆಟಕ್ಕೆ ಹಿಡಿಯುವುದೇ ಕೆಲವು ನಿಮಿಷ. ಇಪ್ಪತ್ತು ನಡೆಯೊಳಗೆ ಡ್ರಾ ಆಯಿತೇ? ಬಣ್ಣ ಅದಲುಬದಲು ಮಾಡಿ, ಗಡಿಯಾರದಲ್ಲಿ ಉಳಿದಷ್ಟೇ ಸಮಯ ಇಟ್ಟು ತಕ್ಷಣ ಮತ್ತೆ ಆಡಿಸಿ. ಒಪ್ಪಂದವಿತ್ತೋ ಇಲ್ಲವೋ ಎಂದು ತೀರ್ಪುಗಾರರು ಯಾರ ಮನಸ್ಸನ್ನೂ ಓದಬೇಕಿಲ್ಲ. ನಿರಂತರ ಚೆಕ್‌ನಿಂದ ಪ್ರಾಮಾಣಿಕವಾಗಿಯೇ ಬೇಗ ಡ್ರಾ ಆಗುವುದೂ ಉಂಟು, ಒಪ್ಪುತ್ತೇನೆ. ಅಂಥವರಿಗೆ ಆಗುವ ನಷ್ಟ ಇನ್ನೊಂದು ಆಟ. ಆಡಲೆಂದೇ ಅಲ್ಲವೇ ಅವರು ಬಂದಿರುವುದು?